ಮೀನಿಗೊಂದು ಕಚೇರಿ, ದಂಡೆಗೊಂದು ಕಚೇರಿ: ಹದಿನಾಲ್ಕು ತಿಂಗಳು ಪಡೆದ ಒಂದು ಸೇವೆಯ ವಿಮರ್ಶೆ

ಎರಡು ಮಳೆಗಾಲಗಳ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ, ನಮ್ಮ ಮೀನುಗಾರರ ಸಹಕಾರಿ ಸಂಘದ ಬಲೆ ಮನೆಯ ಮಾಡು ಗಾಳಿಗೆ ಹಾರಿ, ಕಡಲ ಕಡೆಯ ಚಿರೆಕಲ್ಲಿನ ಗೋಡೆ ಮರಳಿನ ಮೇಲೆ ಅಂಗಾತ ಬಿದ್ದಿತು. ಅದನ್ನು ಮತ್ತೆ ಕಟ್ಟಲು ಬೇಕಾದ ಸಹಾಯಧನ ಮತ್ತು ಪರವಾನಗಿಗಾಗಿ, ಸಂಘದ ಗೌರವ ಕಾರ್ಯದರ್ಶಿಯಾದ ನಾನು ಹದಿನಾಲ್ಕು ತಿಂಗಳು ಎರಡು ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ಕಾರವಾರದಿಂದ ಭಟ್ಕಳದವರೆಗೆ ಐದು ಕರಾವಳಿ ತಾಲೂಕುಗಳಿವೆ; ನಮ್ಮದು ಅವುಗಳಲ್ಲಿ ಒಂದು ಎಂದರೆ ಸಾಕು, ಊರಿನ ಹೆಸರೂ ಕಚೇರಿಗಳ ಹೆಸರೂ ಬೇಡ. ನಾನು ಬರೆಯಹೊರಟಿರುವುದು ಅಲ್ಲಿ ಸಿಗುವ ಸೇವೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಮೀನುಗಾರಿಕೆಯನ್ನೂ ಕರಾವಳಿಯ ಪರಿಸರವನ್ನೂ ನೋಡಿಕೊಳ್ಳಬೇಕಾದ ಹಿರಿಯ ಅಧಿಕಾರಿಯ ಪಾತ್ರದ ಬಗ್ಗೆ. ಮೂವತ್ತು ವರ್ಷ ಶಾಲಾ ಮಾಸ್ತರನಾಗಿದ್ದ ಕಾರಣ ಅಂಕ ಕೊಡುವ ಚಟ ಇನ್ನೂ ಬಿಟ್ಟಿಲ್ಲ. ಅಂಕವನ್ನು ಕೊನೆಯಲ್ಲಿ ಕೊಡುತ್ತೇನೆ.

ನಮ್ಮ ಕಡಲಿಗೆ ಎರಡು ಕಾನೂನುಗಳಿವೆ, ಎರಡೂ 1986ರವು. ಒಂದು ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, ಇನ್ನೊಂದು ಕೇಂದ್ರದ ಪರಿಸರ ಸಂರಕ್ಷಣಾ ಕಾಯ್ದೆ. ಮೊದಲನೆಯದು ಯಾವ ದೋಣಿ ಎಲ್ಲಿ, ಯಾವಾಗ, ಯಾವ ಬಲೆಯಿಂದ ಮೀನು ಹಿಡಿಯಬಹುದೆಂದು ಹೇಳುತ್ತದೆ. ಎರಡನೆಯದರ ಅಡಿಯಲ್ಲಿ 1991ರಲ್ಲಿ ಮೊದಲು ಬಂದು, 2011ರಲ್ಲಿಯೂ 2019ರಲ್ಲಿಯೂ ಬದಲಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಊರಿನವರ ಬಾಯಲ್ಲಿ ಸಿಆರ್‌ಝಡ್, ದಂಡೆಯ ಮೇಲೆ ಏನು ಕಟ್ಟಬಹುದೆಂದು ಹೇಳುತ್ತದೆ. ಅವಳಿ ಮಕ್ಕಳನ್ನು ಬೇರೆ ಬೇರೆ ಮನೆಗೆ ದತ್ತು ಕೊಟ್ಟಂತೆ ಒಂದು ಕಾನೂನು ಮೀನುಗಾರಿಕೆ ಇಲಾಖೆಯಲ್ಲಿಯೂ ಇನ್ನೊಂದು ಅರಣ್ಯ, ಪರಿಸರ ಇಲಾಖೆಯಲ್ಲಿಯೂ ಬೆಳೆಯಿತು. ಮಂತ್ರಿಗಳು ಬೇರೆ, ಕಾರ್ಯದರ್ಶಿಗಳು ಬೇರೆ, ಕೆಳಗಿನ ಕಚೇರಿಗಳೂ ಬೇರೆ; ಮೊದಲನೆಯದರ ಕಚೇರಿಯನ್ನು ಮೀನಿನ ಕಚೇರಿ, ಎರಡನೆಯದರದ್ದನ್ನು ದಂಡೆಯ ಕಚೇರಿ ಎನ್ನುತ್ತೇನೆ. ಮೀನುಗಾರನ ಮಟ್ಟಿಗೆ ಮಾತ್ರ ದೋಣಿ ಎಳೆದು ನಿಲ್ಲಿಸುವ ಜಾಗವೂ ದೋಣಿ ಹೋಗುವ ನೀರೂ ಒಂದೇ ಕಸುಬಿಗೆ ಸೇರಿದವು.

ಮೀನಿನ ಕಚೇರಿಯ ನಿತ್ಯದ ಕೆಲಸದ ಬಗ್ಗೆ ನನಗೆ ದೊಡ್ಡ ದೂರಿಲ್ಲ. ದೋಣಿಯ ಪರವಾನಗಿ, ರಿಯಾಯಿತಿ ಡೀಸೆಲ್ಲಿನ ಪುಸ್ತಕ, ನಾಡದೋಣಿಯ ಸೀಮೆಎಣ್ಣೆ, ನಿಷೇಧದ ತಿಂಗಳುಗಳಿಗೆಂದು ಮೀನುಗಾರರ ವಂತಿಗೆಗೆ ಸರ್ಕಾರದ ಪಾಲು ಸೇರಿಸಿ ಕೊಡುವ ಉಳಿತಾಯ ಪರಿಹಾರ, ಇವೆಲ್ಲವೂ ಸ್ವಲ್ಪ ಹೆಚ್ಚುಕಡಿಮೆ ಸಮಯಕ್ಕೆ ಆಗುತ್ತವೆ. ನಮ್ಮ ವಿಷಯ ನಿರ್ವಾಹಕರು ಯಾರ ದೋಣಿಯ ವಿಮೆ ಯಾವ ತಿಂಗಳು ಮುಗಿಯುತ್ತದೆಂದು ದೋಣಿಯ ಮಾಲೀಕನಿಗಿಂತ ಮೊದಲು ಹೇಳಬಲ್ಲವರು. ದೋಣಿಯ ನೋಂದಣಿ ಈಗ ರಿಯಲ್‌ಕ್ರಾಫ್ಟ್ ಎಂಬ ಕೇಂದ್ರದ ಜಾಲತಾಣದಲ್ಲಿ ನಡೆಯುತ್ತದೆ. ಅದು ಸರಿಯಾಗಿ ತೆರೆದುಕೊಂಡ ದಿನ ಕೆಲಸ ಬೇಗ ಮುಗಿಯುತ್ತದೆ, ಇಲ್ಲವಾದರೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು ಮನೆಗೆ ಮರಳಬೇಕು.

ಈ ಸೇವೆಯ ಅತ್ಯುತ್ತಮ ಭಾಗ ಮಳೆಗಾಲದ ನಿಷೇಧ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟಾರು ಇರುವ ದೋಣಿಗಳಿಗೂ ಇದೇ ನಿಯಮ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರುಗಳೂ ಪರ್ಸೀನ್ ದೋಣಿಗಳೂ ಮೂತಿಗೆ ಮೂತಿ ತಾಗಿಸಿ ಸಾಲಾಗಿ ನಿಂತಿರುವುದನ್ನು ಆ ದಿನಗಳಲ್ಲಿ ನೋಡಿದವರಿಗೆ ಇದು ಕಾಗದದ ನಿಯಮವಲ್ಲ ಎಂದು ಅರಿವಾಗುತ್ತದೆ. ನಿಯಮ ನಡೆಯುವುದಕ್ಕೆ ಕಾರಣ ಸರಳವಾಗಿದೆ: ದಿನಾಂಕ ಸ್ಪಷ್ಟ, ಯಾರ ವಿವೇಚನೆಗೂ ಅಲ್ಲಿ ಕೆಲಸವಿಲ್ಲ, ತಪ್ಪಿದವನಿಗೆ ರಿಯಾಯಿತಿ ಡೀಸೆಲ್ ಕಳೆದುಕೊಳ್ಳುವ ಭಯವಿದೆ.

ವಿವೇಚನೆ ಬೇಕಾದಲ್ಲಿ ಇದೇ ಸೇವೆ ಸೊರಗುತ್ತದೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು, ರಾಜ್ಯದಲ್ಲೂ ಅದಕ್ಕೆ ನಿಷೇಧವಿದೆ. ಆದರೆ ದಂಡೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ವರೆಗಿನ ನೀರು ರಾಜ್ಯದ ಪಾಲಿಗೆ, ಅದರಾಚೆಯದು ಕೇಂದ್ರದ ಪಾಲಿಗೆ ಸೇರಿದ್ದು. ರಾತ್ರಿ ದಿಗಂತದಲ್ಲಿ ಹಗಲಿನಂತೆ ಬೆಳಗುವ ದೀಪ ಹನ್ನೊಂದನೆಯ ಮೈಲಿನಲ್ಲಿದೆಯೋ ಹದಿಮೂರನೆಯದರಲ್ಲಿದೆಯೋ ಎಂದು ದಂಡೆಯಲ್ಲಿ ನಿಂತವನು ಹೇಳಲಾರ. ನಾನು ಕೊಟ್ಟ ಮೂರು ದೂರುಗಳಿಗೂ ಅಕ್ಷರ ಬದಲಾಗದ ಒಂದೇ ಹಿಂಬರಹ ಬಂದಿತು. ಮರಿಮೀನಿನ ವಿಷಯವೂ ಇದೇ ಬಗೆಯದು. ನೆರೆಯ ಕೇರಳದಲ್ಲಿ ತಾರ್ಲೆ 10 ಸೆಂ.ಮೀ.ಗಿಂತಲೂ ಬಂಗುಡೆ 14 ಸೆಂ.ಮೀ.ಗಿಂತಲೂ ಚಿಕ್ಕದಿದ್ದರೆ ಹಿಡಿಯಬಾರದೆಂಬ ಅಳತೆಯನ್ನು ಕೆಲವು ವರ್ಷಗಳಿಂದ ಜಾರಿಗೆ ತಂದಿದ್ದಾರೆ. ನಮ್ಮ ಬಂದರಿನಲ್ಲಿ ಬೆರಳುದ್ದದ ಮರಿಗಳು ಮೀನುಹಿಟ್ಟಿನ ಲಾರಿ ಹತ್ತುವುದನ್ನು ನಾನೇ ಕಂಡಿದ್ದೇನೆ. ಅಳತೆಪಟ್ಟಿ ಹಿಡಿದು ಬಂದ ಒಬ್ಬರನ್ನೂ ಈವರೆಗೆ ಕಂಡಿಲ್ಲ.

ಇನ್ನು ನಮ್ಮ ಬಲೆ ಮನೆಯ ಕಡತ. ಸಿಆರ್‌ಝಡ್ ಎಂದರೆ ಏನನ್ನೂ ಕಟ್ಟಬಾರದು ಎಂದೇ ಊರಿನಲ್ಲಿ ಹಲವರ ತಿಳಿವಳಿಕೆ, ಅದು ತಪ್ಪು. ಬಲೆ ಸರಿಪಡಿಸುವ ಜಾಗ, ಮೀನು ಒಣಗಿಸುವ ಅಂಗಳ, ಹರಾಜು ಕಟ್ಟೆ, ಮಂಜುಗಡ್ಡೆಯ ಘಟಕ, ಸಾಂಪ್ರದಾಯಿಕ ದೋಣಿ ಕಟ್ಟುವ ಜಾಗ ಮುಂತಾದ, ಸ್ಥಳೀಯ ಮೀನುಗಾರರಿಗೆ ಬೇಕಾದ ಸೌಕರ್ಯಗಳಿಗೆ ಹಳ್ಳಿಗಳಲ್ಲಿ ಕಟ್ಟಡ ಕಟ್ಟುವುದನ್ನು ನಿಷೇಧಿಸಿದ ದಂಡೆಯ ಪಟ್ಟೆಯಲ್ಲೂ ಅವಕಾಶವಿದೆ. ಹೀಗಿದ್ದರೂ ನಮ್ಮ ಕಡತ ಸಿಕ್ಕಿಹಾಕಿಕೊಂಡ ಬಗೆ ಕೇಳಿ. ದಂಡೆಯ ಕಚೇರಿಯವರು, ಇದು ಮೀನುಗಾರರಿಗೆ ಅಗತ್ಯವಾದ ಸೌಕರ್ಯವೆಂದು ಮೀನಿನ ಕಚೇರಿಯಿಂದ ಪತ್ರ ತನ್ನಿ ಎಂದರು. ಮೀನಿನ ಕಚೇರಿಯವರು, ಜಾಗ ಉಬ್ಬರದ ಗೆರೆಯಿಂದ ನೆಲದ ಕಡೆಗಿದೆಯೆಂದು ದಂಡೆಯ ಕಚೇರಿ ಬರೆದುಕೊಟ್ಟರೆ ಮಾತ್ರ ಪತ್ರ ಕೊಡಬಹುದು ಎಂದರು. ಇಬ್ಬರ ಮಾತಿಗೂ ನಿಯಮದ ಆಧಾರವಿತ್ತು, ಇಬ್ಬರೂ ಮರ್ಯಾದೆಯಿಂದಲೇ ಮಾತನಾಡಿದರು, ಒಬ್ಬರೂ ಲಂಚ ಕೇಳಲಿಲ್ಲ. ಹೀಗೆ ಒಂಬತ್ತು ತಿಂಗಳು ಕಳೆದವು. ಅಷ್ಟು ದಿನವೂ ನಮ್ಮವರು ತಾಡಪಾಲಿನ ಕೆಳಗೆ ಕುಳಿತು ಬಲೆ ಹೆಣೆದರು.

ಗೆರೆಯ ತೊಡಕು ನಿಜಕ್ಕೂ ಸೂಕ್ಷ್ಮವಾದದ್ದು. ಉಬ್ಬರದ ಗೆರೆಯನ್ನು ಸರ್ವೆ ನಂಬರುಗಳೊಂದಿಗೆ ತೋರಿಸುವ ಸಿಆರ್‌ಝಡ್ ನಕಾಶೆ 1:4000 ಅಳತೆಯದು. ಅದರ ಮೇಲೆ ಎಳೆದ ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಅದು ಎರಡು ಮೀಟರ್ ಅಗಲವಾಗುತ್ತದೆ. ನಮ್ಮ ಬಿದ್ದ ಗೋಡೆ ಆ ಎರಡು ಮೀಟರಿನ ಒಳಗೇ ಇತ್ತು, ಅಂದರೆ ಗೆರೆಯ ಈಚೆಗೂ ಅಲ್ಲ ಆಚೆಗೂ ಅಲ್ಲ, ಗೆರೆಯ ಮಸಿಯಲ್ಲಿ. ಆಚೆಗಾದರೆ ಅದು ಉಬ್ಬರ ಇಳಿತಗಳ ನಡುವಿನ ನೆಲ, ನಿಯಮ ಬೇರೆ. ಈಚೆಗಾದರೆ ನಾನು ಮೇಲೆ ಹೇಳಿದ ಅವಕಾಶ ಸಿಗುತ್ತದೆ. ಮೇಜಿನ ಗಾಜಿನ ಕೆಳಗೆ ಮಾಸಿದ್ದ ಆ ನಕಾಶೆಯ ಮೇಲೆ ಗುಮಾಸ್ತರು ಪೆನ್ನಿನ ಮುಚ್ಚಳವಿಟ್ಟು, "ಮಾಸ್ತರರೇ, ನಿಮ್ಮ ಬಲೆ ಮನೆ ಈ ಮುಚ್ಚಳದಡಿಯಲ್ಲಿದೆ, ನಾನೇನು ಬರೆಯಲಿ?" ಎಂದು ಕೇಳಿದಾಗ ನನ್ನ ಬಳಿಯೂ ಉತ್ತರವಿರಲಿಲ್ಲ.

ಹತ್ತನೆಯ ತಿಂಗಳಲ್ಲಿ ಒಬ್ಬ ಹಿರಿಯ ಅಧಿಕಾರಿ ಅಹವಾಲು ಸಭೆ ನಡೆಸಿದರು. ಸಾಮಾನ್ಯವಾಗಿ ಇಂತಹ ಸಭೆಗಳಲ್ಲಿ ಅರ್ಜಿಯನ್ನು ಸ್ವೀಕರಿಸಿ "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂದು ಕೆಳಗೆ ದಾಟಿಸುವುದು ವಾಡಿಕೆ. ಅವರು ಹಾಗೆ ಮಾಡದೆ ಎರಡೂ ಕಚೇರಿಗಳ ಕಡತಗಳನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಡಿಸಿ, ಎರಡರ ಟಿಪ್ಪಣಿಗಳನ್ನೂ ಮೊದಲಿನಿಂದ ಓದಿದರು; ಇಪ್ಪತ್ತು ನಿಮಿಷ ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಮುಂದಿನ ವಾರ, ಇಳಿತದ ಹೊತ್ತು ನೋಡಿಕೊಂಡು, ಎರಡೂ ಕಚೇರಿಗಳವರನ್ನು ಕರೆದುಕೊಂಡು ನಮ್ಮ ದಂಡೆಗೇ ಬಂದರು. ಚಪ್ಪಲಿ ಕೈಯಲ್ಲಿ ಹಿಡಿದು, ಉಳಿದಿದ್ದ ಅಡಿಪಾಯದ ಸುತ್ತ ಎರಡು ಸುತ್ತು ನಡೆದು, ಬಗ್ಗಿ, ಚಿರೆಕಲ್ಲಿನ ಬುಡವನ್ನು ಬೆರಳಿನಿಂದ ಸವರಿ ನೋಡಿದರು. ನಾವು ಏನು ಹುಡುಕುತ್ತಿದ್ದಾರೆಂದು ನೋಡುತ್ತಲೇ ನಿಂತೆವು. ಅಡಿಪಾಯದಿಂದ ಐದಾರು ಹೆಜ್ಜೆ ಕೆಳಗಿನ ಬಂಡೆಯ ಮೇಲೆ ಕಲ್ಗದ ಚಿಪ್ಪುಗಳು ಒತ್ತೊತ್ತಾಗಿ ಅಂಟಿದ್ದವು, ಅಡಿಪಾಯದ ಕಲ್ಲಿನಲ್ಲಿ ಒಂದೂ ಇರಲಿಲ್ಲ. ದಿನವೂ ನೀರು ಮುಟ್ಟುವಲ್ಲಿ ಮಾತ್ರ ಕಲ್ಗ ಬೆಳೆಯುತ್ತದೆ ಎಂದು ಅವರು ಜೊತೆಗಿದ್ದವರಿಗೆ ತೋರಿಸಿದರು. ಆಮೇಲೆ ನಮ್ಮ ಸಂಘದ ಅತ್ಯಂತ ಹಿರಿಯ ತಾಂಡೇಲರನ್ನು, ಅಂದರೆ ದೋಣಿ ನಡೆಸುವ ಮುಖ್ಯಸ್ಥರನ್ನು, ಕರೆದು, "ಅಜ್ಜಾ, ನೂಲ ಹುಣ್ಣಿಮೆಯ ದಿನ ನೀರು ಎಲ್ಲಿಯವರೆಗೆ ಬರುತ್ತದೆ?" ಎಂದು ವಿಚಾರಿಸಿದರು. ಅದು ಲೋಕಾಭಿರಾಮದ ಪ್ರಶ್ನೆಯಾಗಿರಲಿಲ್ಲ. ಉಬ್ಬರದ ಗೆರೆ ಎಂದರೆ ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ನೀರು ಮುಟ್ಟುವ ಅತ್ಯಂತ ಮೇಲಿನ ಮಿತಿ ಎಂದೇ ಅಧಿಸೂಚನೆಯ ಅರ್ಥ. ಅಜ್ಜ ನಡೆದುಹೋಗಿ, ಕಡಲಪೂಜೆಗೆ ನಾವು ತೆಂಗಿನಕಾಯಿ ಬಿಡುವ ಜಾಗದಲ್ಲಿ ನಿಂತರು. ಅಡಿಪಾಯ ಅಲ್ಲಿಂದ ನಾಲ್ಕು ಮೀಟರ್ ಮೇಲಿತ್ತು. ಟೇಪು ಹಿಡಿದವರು ದಂಡೆಯ ಕಚೇರಿಯವರು, ಬರೆದುಕೊಂಡವರು ಮೀನಿನ ಕಚೇರಿಯವರು. ಸಂಜೆಯೊಳಗೆ ಜಂಟಿ ಸ್ಥಳ ತನಿಖಾ ವರದಿಗೆ ಇಬ್ಬರ ಸಹಿಯೂ ಬಿದ್ದಿತು. ಪರವಾನಗಿಗೆ ಆ ಬಳಿಕ ನಾಲ್ಕು ತಿಂಗಳು ಹಿಡಿಯಿತು.

ಆ ಅಧಿಕಾರಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರೆಂದು ನಂತರ ತಿಳಿಯಿತು. 1969ರಲ್ಲಿ ಆರಂಭವಾದ, ದೇಶದಲ್ಲೇ ಮೊದಲನೆಯದಾದ ಆ ಕಾಲೇಜಿನ ವಿದ್ಯೆ ಚಿರೆಕಲ್ಲಿನ ಬುಡದಲ್ಲಿ ಹೀಗೆ ನಮ್ಮ ಉಪಯೋಗಕ್ಕೆ ಬಂದಿತು. ಪರವಾನಗಿ ಕೈಗೆ ಬರುವ ಮೊದಲೇ ಅವರಿಗೆ ವರ್ಗಾವಣೆಯಾಯಿತು.

ನನ್ನ ಮುಖ್ಯ ಆಕ್ಷೇಪ ಇಲ್ಲಿಯೇ ಇದೆ. ಅವರು ಮಾಡಿದ್ದು ಅವರ ಹುದ್ದೆಯ ಕೆಲಸವೆಂದು ಎಲ್ಲಿಯೂ ಬರೆದಿಲ್ಲ. ಎರಡು ಕಡತಗಳನ್ನು ಒಟ್ಟಿಗೆ ಓದಲೇಬೇಕೆಂಬ ಕಟ್ಟಳೆ ಯಾವ ಕುರ್ಚಿಗೂ ಇದ್ದಂತೆ ಕಾಣುವುದಿಲ್ಲ. ಓದುವ ಮನಸ್ಸಿನವರು ಬಂದರೆ ಕೆಲಸವಾಗುತ್ತದೆ, ಇಲ್ಲದಿದ್ದರೆ ಹಿಂಬರಹ ಸಿಗುತ್ತದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಕರಾವಳಿ ವಲಯ ನಿರ್ವಹಣಾ ಸಮಿತಿಯಲ್ಲಿ ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ ನಿಜ, ಆದರೆ ಆ ಮೇಜಿನವರೆಗೆ ತಲುಪುವುದೇ ನಮ್ಮಂತಹವರ ಕಷ್ಟ. ಬ್ರಿಟನ್ನಿನಲ್ಲಿ 2001ರಿಂದ ಪರಿಸರ ಮತ್ತು ಮೀನುಗಾರಿಕೆ ಎರಡೂ ಒಂದೇ ಇಲಾಖೆಯ ಕೈಯಲ್ಲಿವೆ. ಅಲ್ಲಿಯ ಮೀನುಗಾರರೂ ಸಂತೃಪ್ತರೇನಲ್ಲ, ಆದರೆ ಜಗಳವಾಡಲು ಅವರಿಗೆ ಒಂದೇ ಬಾಗಿಲು ಇದೆ.

ಬಲೆ ಮನೆ ಸಣ್ಣ ವಿಷಯವೆನ್ನುವವರು ಅಘನಾಶಿನಿ ಅಳಿವೆಯನ್ನು ನೋಡಬೇಕು. ಅಣೆಕಟ್ಟಿಲ್ಲದ ಆ ನದಿಯ ಅಳಿವೆಯ 4801 ಹೆಕ್ಟೇರು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವವರ ಕಷ್ಟಸುಖ ಮೀನುಗಾರಿಕೆ ಇಲಾಖೆಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಅರಣ್ಯ ಇಲಾಖೆಗೆ, ಮರಳು ಗಣಿ ಇಲಾಖೆಗೆ, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಯ ಕಟ್ಟೆ ಸಣ್ಣ ನೀರಾವರಿಗೆ. ಮರಳು ತೆಗೆದರೆ ಬಳಚಿನ ಹಾಸು ಹೋಗುತ್ತದೆ, ಕಟ್ಟೆ ಒಡೆದರೆ ಗದ್ದೆಗೆ ಉಪ್ಪುನೀರು ನುಗ್ಗುತ್ತದೆ, ಕಾಂಡ್ಲಾ ಕಡಿದರೆ ಶೆಟ್ಲಿ (ಸೀಗಡಿ) ಮರಿಗೆ ನೆಲೆ ಇಲ್ಲ. ನಾಲ್ಕು ಕಡತಗಳನ್ನು ಯಾರು ಒಟ್ಟಿಗೆ ಓದುತ್ತಾರೆಂದು ಕುಮಟಾದ ಬಳಚಿನ ವ್ಯಾಪಾರದ ಅಕ್ಕನೊಬ್ಬಳು ನನ್ನನ್ನು ಕೇಳಿದ್ದಾಳೆ. ನಾನು ಆ ಅಧಿಕಾರಿಯ ಕಥೆ ಹೇಳಿದೆ. "ಈಗ ಅವ್ರು ಎಲ್ಲಿದ್ದಾರೆ?" ಎಂದಳು.

ಅಂಕಗಳು: ಕೌಂಟರಿನ ಸೇವೆಗೆ ಐದರಲ್ಲಿ ನಾಲ್ಕು. ಮಳೆಗಾಲದ ನಿಷೇಧಕ್ಕೆ ನಾಲ್ಕೂವರೆ. ಉಳಿದರ್ಧವನ್ನು ಉಳಿತಾಯ ಪರಿಹಾರದ ಹಣ ನಿಷೇಧದ ದಿನಗಳೊಳಗೇ ಕೈಗೆ ಬಂದ ವರ್ಷ ಕೊಡುತ್ತೇನೆ. ಬೆಳಕು ಮೀನುಗಾರಿಕೆ ಮತ್ತು ಮರಿಮೀನಿನ ದೂರುಗಳಿಗೆ ಒಂದು. ಹಿರಿಯ ಅಧಿಕಾರಿಯ ಹುದ್ದೆಗೆ, ಅಂದರೆ ವ್ಯಕ್ತಿಗಲ್ಲ, ಎರಡು. ನಮಗೆ ಸಿಕ್ಕ ವ್ಯಕ್ತಿಗೆ ಐದಕ್ಕೆ ಐದು.

ಇದೇ ಸೇವೆಗಾಗಿ ಹೋಗುವವರು ಎರಡೂ ಕಚೇರಿಗಳಿಗೆ ಒಂದೇ ದಿನ ಒಂದೇ ಒಕ್ಕಣೆಯ ಅರ್ಜಿ ಕೊಟ್ಟು, ಪ್ರತಿಯೊಂದರ ಕೆಳಗೆ ಇನ್ನೊಂದು ಕಚೇರಿಯ ಟಪಾಲು ಸಂಖ್ಯೆಯನ್ನು ಬರೆಯಿರಿ. ಪಹಣಿ, ಸರ್ವೆ ನಕ್ಷೆ, ಸಂಘದ ಠರಾವಿನ ಪ್ರತಿ ತಲಾ ಮೂರು ಇರಲಿ. ಸ್ಥಳ ತನಿಖೆಯ ದಿನವನ್ನು ನೀವೇ ಸೂಚಿಸಿ. ಇಳಿತದ ಹೊತ್ತು ಬೆಳಗಿನ ಹತ್ತರಿಂದ ಹನ್ನೆರಡರ ನಡುವೆ ಬರುವ ದಿನವಾದರೆ ಕಚೇರಿಯವರಿಗೂ ಅನುಕೂಲ, ಬಂಡೆಯ ಮೇಲಿನ ಕಲ್ಗವೂ ಕಾಣುತ್ತದೆ.