ಹಿಮ್ಮಡಿಗೆ ಇಂಜೆಕ್ಷನ್ ಹಾಕಿಸಿಕೊಂಡು ಓಡಲು ಹೊರಟವರ ಗಮನಕ್ಕೆ

ಇಂಜೆಕ್ಷನ್ ಬಿದ್ದು ಮೂರನೇ ವಾರ. ಹಿಮ್ಮಡಿಯಲ್ಲಿ ನೋವಿನ ಸುಳಿವೇ ಇಲ್ಲ. ತಿಂಗಳುಗಟ್ಟಲೆ ಬಿಟ್ಟಿದ್ದ ಓಟ ಮತ್ತೆ ಶುರುವಾಗುತ್ತದೆ. ಎರಡನೇ ಸುತ್ತು ಮುಗಿಯುವುದರೊಳಗೆ ಅಂಗಾಲಲ್ಲಿ ‘ಟಪ್’ ಎಂದು ಏನೋ ಕಿತ್ತ ಹಾಗಾಗಿ, ಕಾಲು ಊರಲು ಆಗುವುದಿಲ್ಲ. ಮಾರನೇ ದಿನ ನೋಡಿದರೆ ಪಾದದ ಕಮಾನಿನ ಅಡಿ ಊದಿಕೊಂಡು ನೀಲಿಗಟ್ಟಿರುತ್ತದೆ. ಅಲ್ಲಿಗೆ ಪ್ಲಾಂಟರ್ ಫ್ಯಾಸಿಯಾ, ಅಂದರೆ ಅಂಗಾಲಿನ ಉದ್ದಕ್ಕೂ ಇರುವ ನಾರಿನ ಪಟ್ಟಿ, ಹರಿದಿದೆ ಎಂದೇ ಲೆಕ್ಕ.

ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ, ಆಗುವುದು ಅಪರೂಪವೇ. ಆದರೆ ಆದವರನ್ನು ವಿಚಾರಿಸಿದರೆ ಹಿಂದಿನ ಹೆಜ್ಜೆಗಳು ಹೆಚ್ಚುಕಡಿಮೆ ಒಂದೇ: ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂಬ ಮಾತು, ಗಾಬರಿ, ವ್ಯಾಯಾಮವನ್ನೇ ಮಾಡದೆ ನೇರವಾಗಿ ಸ್ಟೀರಾಯ್ಡ್ ಸೂಜಿ, ನೋವು ಹೋಯಿತೆಂದು ಪೂರ್ತಿ ಭಾರ.

ಮೊದಲು ಆ ಮೂಳೆಯ ವಿಷಯ. ಹಿಮ್ಮಡಿಯ ಕೆಳಗೆ ಮುಳ್ಳಿನಂತೆ ಚಾಚಿರುವ ಮೂಳೆ, ನೋವೇ ಇಲ್ಲದ ಎಷ್ಟೋ ಮಂದಿಯ ಎಕ್ಸ್‌ರೇಯಲ್ಲೂ ಕಾಣುತ್ತದೆ. ‘ಮುಳ್ಳು ಚುಚ್ಚುತ್ತಿದೆ, ಕತ್ತರಿಸಬೇಕು’ ಎಂದು ಯಾರಾದರೂ ಅಂದರೆ ಇನ್ನೊಬ್ಬ ವೈದ್ಯರನ್ನು ಕೇಳಿ. ತೊಂದರೆ ಇರುವುದು ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಹಾದುಹೋಗುವ ಆ ದಪ್ಪ ಪಟ್ಟಿಯಲ್ಲಿ, ಪ್ಲಾಂಟರ್ ಫ್ಯಾಸಿಯಾದಲ್ಲಿ. ಹೆಬ್ಬೆರಳನ್ನು ಮೇಲಕ್ಕೆ ಬಗ್ಗಿಸಿ ಅಂಗಾಲು ಒತ್ತಿದರೆ ಬಿಗಿದ ಹಗ್ಗದಂತೆ ಕೈಗೆ ಸಿಗುವುದು ಅದೇ. ಹಿಮ್ಮಡಿಯ ತಳದಲ್ಲಿ, ಒಳಬದಿಯ ಮುಂಭಾಗವನ್ನು ಬೆರಳಿನಿಂದ ಒತ್ತಿದಾಗ ಜೀವ ಹೋದಂತಾದರೆ ಜಾಗ ಅದೇ. ಈ ತೊಂದರೆಗೆ ಪ್ಲಾಂಟರ್ ಫ್ಯಾಸಿಐಟಿಸ್ ಎನ್ನುತ್ತಾರೆ. ಹೆಸರಿನ ಕೊನೆಯಲ್ಲಿ ಉರಿಯೂತ ಎಂಬ ಅರ್ಥದ ‘ಐಟಿಸ್’ ಇದ್ದರೂ ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ಹೆಚ್ಚಾಗಿ ಇರುವುದು ನಾರುಗಳ ಸವಕಲು. ಅಲ್ಟ್ರಾಸೌಂಡ್‌ನಲ್ಲಿ ಪಟ್ಟಿ 4 ಮಿಲಿಮೀಟರ್‌ಗಿಂತ ದಪ್ಪ ಕಂಡರೆ ಅದು ಈ ತೊಂದರೆಯ ಗುರುತು.

ಸ್ಟೀರಾಯ್ಡ್ ನೋವನ್ನು ಕೆಲವು ವಾರ ಅಡಗಿಸುತ್ತದೆ, ಸವೆದ ನಾರನ್ನು ಗಟ್ಟಿ ಮಾಡುವುದಿಲ್ಲ. ಬದಲಿಗೆ ಇನ್ನಷ್ಟು ದುರ್ಬಲ ಮಾಡಬಹುದು. ಹಿಮ್ಮಡಿಯ ಅಡಿ ಮೆತ್ತೆಯಂತಿರುವ ಕೊಬ್ಬೂ ಕರಗಬಹುದು, ಕರಗಿದ್ದು ಮತ್ತೆ ತುಂಬುವುದು ಕಷ್ಟ. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಹಾಗೆಂದು ಸೂಜಿಯೇ ಕೂಡದು ಎಂದಲ್ಲ. ಕೆಲವು ತಿಂಗಳು ವ್ಯಾಯಾಮ ಮಾಡಿಯೂ ನೋವು ಬಗ್ಗದಿದ್ದಾಗ ಅದಕ್ಕೆ ಜಾಗವಿದೆ. ಓಟ, ಜಿಗಿತ ಎಷ್ಟು ವಾರ ನಿಲ್ಲಿಸಬೇಕು ಎಂದು ಹಾಕುವವರನ್ನೇ ಮೊದಲು ಕೇಳಿ. ಉತ್ತರ ಇಲ್ಲದವರ ಕೈಯಲ್ಲಿ ಸೂಜಿ ಬೇಡ.

ಮುಕ್ಕಾಲು ಪಾಲಿಗೂ ಹೆಚ್ಚು ಜನರಿಗೆ ಸೂಜಿ, ಕತ್ತರಿ ಎರಡೂ ಇಲ್ಲದೆ ವರ್ಷದೊಳಗೆ ವಾಸಿಯಾಗುತ್ತದೆ. ಬೇಕಾದದ್ದು ತಾಳ್ಮೆ, ಮತ್ತು ಸರಿಯಾದ ಎರಡು ವ್ಯಾಯಾಮ.

ಒಂದು, ಹಾಸಿಗೆಯಿಂದ ಇಳಿಯುವ ಮೊದಲು. ನಿದ್ದೆಯಲ್ಲಿ ಪಾದ ಕೆಳಕ್ಕೆ ಬಾಗಿ ಪಟ್ಟಿ ಮುದುಡಿರುತ್ತದೆ, ಮೊದಲ ಹೆಜ್ಜೆಗೆ ಅದು ಥಟ್ಟನೆ ಎಳೆಯುತ್ತದೆ. ಬೆಳಗಿನ ನೋವಿಗೆ ಕಾರಣ ಇದೇ. ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ದಿಕ್ಕಿಗೆ ಎಳೆದು 10 ಸೆಕೆಂಡ್ ಹಿಡಿಯಿರಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಬಹಳ ಹೊತ್ತು ಕೂತು ಏಳುವ ಮುನ್ನವೂ ಮಾಡಿ. ಎಳೆದಾಗ ಪಟ್ಟಿ ಬಿಗಿಯಾದದ್ದು ಇನ್ನೊಂದು ಕೈಯ ಹೆಬ್ಬೆರಳಿಗೆ ಗೊತ್ತಾಗಬೇಕು, ಇಲ್ಲದಿದ್ದರೆ ಎಳೆದದ್ದು ಸಾಲದು.

ಎರಡನೆಯದು ಭಾರದ ವ್ಯಾಯಾಮ. ಬಹಳ ಜನ ಕೈಬಿಡುವುದು ಇದನ್ನೇ. ಟವೆಲ್ ಸುರುಳಿ ಸುತ್ತಿ ಮೆಟ್ಟಿಲ ಅಂಚಿನಲ್ಲಿಟ್ಟು, ಬೆರಳುಗಳು ಅದರ ಮೇಲೆ ಬಾಗಿ ನಿಲ್ಲುವಂತೆ ಒಂಟಿ ಕಾಲಲ್ಲಿ ನಿಲ್ಲಿ. ಗೋಡೆಯನ್ನೋ ಕಂಬಿಯನ್ನೋ ಹಿಡಿದುಕೊಳ್ಳಿ. 3 ಸೆಕೆಂಡ್ ತೆಗೆದುಕೊಂಡು ಹಿಮ್ಮಡಿ ಎತ್ತಿ, ಮೇಲೆ 2 ಸೆಕೆಂಡ್ ನಿಂತು, 3 ಸೆಕೆಂಡಿನಲ್ಲಿ ಇಳಿಸಿ. ದಿನ ಬಿಟ್ಟು ದಿನ, 12 ಸಲದಂತೆ 3 ಸುತ್ತು. ಎರಡು ವಾರದ ನಂತರ ಬೆನ್ನಿನ ಚೀಲಕ್ಕೆ ಪುಸ್ತಕ ತುಂಬಿ ಭಾರ ಏರಿಸಿ 10 ಸಲದ 4 ಸುತ್ತು, ನಾಲ್ಕು ವಾರ ಕಳೆದ ಮೇಲೆ ಇನ್ನೂ ಭಾರದಲ್ಲಿ 8 ಸಲದ 5 ಸುತ್ತು. ಮಾಡುವಾಗ ತುಸು ನೋವಾದರೆ ಹೆದರಬೇಡಿ. ಮಾರನೇ ಬೆಳಗಿನ ಮೊದಲ ಹೆಜ್ಜೆ ಹಿಂದಿಗಿಂತ ಹೆಚ್ಚು ನೋಯಿತೇ? ಹಾಗಾದರೆ ಭಾರ ಇಳಿಸಿ. ಒಂಟಿ ಕಾಲಲ್ಲಿ ಆಗದವರು ಎರಡೂ ಕಾಲಿನಿಂದ ಶುರು ಮಾಡಲಿ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಮೂರನೇ ವಾರಕ್ಕೇ ‘ಪ್ರಯೋಜನವಿಲ್ಲ’ ಎಂದು ಬಿಟ್ಟವರೇ ಮತ್ತೆ ಸೂಜಿಯ ಕಡೆ ತಿರುಗುವುದು.

ಅಲ್ಲಿಯವರೆಗೆ ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ, ಮನೆಯೊಳಗೂ ಹಿಮ್ಮಡಿಗೆ ಮೆತ್ತೆ ಇರುವ, ಕಮಾನಿಗೆ ಆಸರೆ ಕೊಡುವ ಚಪ್ಪಲಿ ಇರಲಿ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಅಂಗಾಲಡಿ ಹತ್ತು ನಿಮಿಷ ಉರುಳಿಸಿದರೆ ಸಂಜೆಗೆ ಹಾಯೆನಿಸುತ್ತದೆ, ಅಷ್ಟೇ, ಅದು ಚಿಕಿತ್ಸೆಯಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿದ್ದವರು ಮಂಜುಗಡ್ಡೆ, ಬಿಸಿನೀರು ಎರಡರಿಂದಲೂ ದೂರವಿರಿ. ಸುಟ್ಟದ್ದೇ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ನೋವು ಇದೇ ಆಗಿದ್ದರೆ ಮಾತ್ರ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಗಳ ನಡುವೆ ಹಿಂಡಿದಾಗ ಹೆಚ್ಚು ನೋಯುತ್ತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು, ಮೇಲಿನ ಭಾರದ ವ್ಯಾಯಾಮ ಅದಕ್ಕೆ ವಿಷ. ಉರಿ, ಜುಮ್ಮೆನ್ನುವುದು, ಮರಗಟ್ಟುವುದು ನರದ ಕಡೆ ಬೊಟ್ಟು ಮಾಡುತ್ತವೆ. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋಯುತ್ತಾ, ಬೆಳಗ್ಗೆ ಸೊಂಟ ಅರ್ಧ ಗಂಟೆಗೂ ಮೀರಿ ಬಿಗಿದಿರುತ್ತಿದ್ದರೆ ಸಂಧಿವಾತದ ವೈದ್ಯರಿಗೆ ತೋರಿಸಿ. ರಾತ್ರಿ ಮಲಗಿದಾಗಲೂ ಬಿಡದ ನೋವು, ಜ್ವರ, ಹಿಮ್ಮಡಿ ಕೆಂಪಾಗಿ ಬಿಸಿಯಾಗುವುದು ಇದ್ದರೆ ವ್ಯಾಯಾಮವೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ.