ರಾ ಕಡತ ಅಳಿಸುವ ಮುನ್ನ ನನ್ನ ಕುದುರೆಯ ಕತೆ ಓದಿ

ಜಾಗ ಸಾಲದೆಂದು ಆಕಾಶದ ಚಿತ್ರಗಳ ರಾ ಕಡತಗಳನ್ನು (ಕ್ಯಾಮೆರಾದ ಸೆನ್ಸರ್ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಮೂಲ ಕಡತಗಳನ್ನು) ಜೆಪೆಗ್‌ಗೆ ಇಳಿಸಬೇಡಿ. ಇಳಿಸಿದರೂ ಮೂಲವನ್ನು ಅಳಿಸಬೇಡಿ. ನಾನು ಎರಡನ್ನೂ ಮಾಡಿ ಕೂತಿದ್ದೇನೆ.

ಡಿಸೆಂಬರ್ ಅಮಾವಾಸ್ಯೆಯ ರಾತ್ರಿ ಮೇಲುಕೋಟೆಯ ಹತ್ತಿರ ಗೆಳೆಯರೊಬ್ಬರ ಹೊಲದಲ್ಲಿ ಕ್ಯಾಮೆರಾ ಹೂಡಿದ್ದೆ. ಮಂಡ್ಯದ ಕಡೆ ಆಲೆಮನೆಯ ಹೊಗೆ ಎಷ್ಟೋ ರಾತ್ರಿಗಳನ್ನು ಕೆಡಿಸುತ್ತದೆ. ಅಂದು ಗಾಳಿ ಕೃಪೆ ತೋರಿತ್ತು. ನನಗೆ ಬೇಕಿದ್ದದ್ದು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಪೂರ್ವ ತುದಿಯ ಬಳಿಯ ಕುದುರೆತಲೆ ನೀಹಾರಿಕೆ, ಕುದುರೆಯ ತಲೆಯಂತೆ ಕಾಣುವ ಧೂಳಿನ ಮೋಡ. ತಲಾ 60 ಸೆಕೆಂಡಿನ 240 ಚಿತ್ರಗಳು. ಲೆನ್ಸಿಗೆ ಇಬ್ಬನಿ ಕೂರದಂತೆ ನಾಲ್ಕು ಗಂಟೆ ಕಾದೆ.

ಒಂದೊಂದು ಕಡತ 24 ಎಂಬಿ, ಒಟ್ಟು ಸುಮಾರು 6 ಜಿಬಿ. ಲ್ಯಾಪ್‌ಟಾಪ್ ಭರ್ತಿಯಾಗಿತ್ತು. ಮದುವೆ ಫೋಟೋ ತೆಗೆಯುವ ಪರಿಚಿತರು, "ಜೆಪೆಗ್ ಮಾಡಿ ಇಟ್ಟುಕೊಳ್ಳಿ ಸಾರ್, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ" ಎಂದರು. ನಾಲ್ಕಾರು ಚಿತ್ರ ತೆರೆದು ನೋಡಿದೆ, ನಿಜವೇ. ರಾ ಕಡತಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿದೆ.

ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದು (ಇದೇ ಸ್ಟ್ಯಾಕಿಂಗ್) ಮಬ್ಬು ಭಾಗವನ್ನು ಬೆಳಗಿಸಿದಾಗ ಕುದುರೆಯ ಜಾಗದಲ್ಲಿ ಚೌಕಳಿ ಲುಂಗಿ ಕಂಡಿತು.

ಅವರ ಮಾತು ಒಂದು ಚಿತ್ರದ ಮಟ್ಟಿಗೆ ಸರಿ. ಆದರೆ ಒಂದೇ ಚಿತ್ರದಲ್ಲಿ ನೀಹಾರಿಕೆಯ ಮಂದ ಬೆಳಕು ನಾಯ್ಸ್‌ನೊಳಗೆ, ಅಂದರೆ ಚಿತ್ರದ ಅಡ್ಡಾದಿಡ್ಡಿ ಚುಕ್ಕೆಗಳೊಳಗೆ, ಹೂತಿರುತ್ತದೆ. ಜೆಪೆಗ್ 8×8 ಪಿಕ್ಸೆಲ್‌ಗಳ ಚೌಕ ಮಾಡಿಕೊಂಡು ಕಣ್ಣಿಗೆ ಬೀಳದ ಸೂಕ್ಷ್ಮಗಳನ್ನು ಎಸೆಯುತ್ತದೆ. ಹೊಟ್ಟೆಂದು ತೂರಿದ್ದರಲ್ಲೇ ಕಾಳಿತ್ತು. 14 ಬಿಟ್ ರಾ ಕಡತದ 16,384 ಮಟ್ಟಗಳು 256ಕ್ಕೆ ಕುಸಿದವು. 240 ಚಿತ್ರ ಸೇರಿದರೆ ನಾಯ್ಸ್ ಸುಮಾರು 15 ಪಟ್ಟು ಇಳಿಯಬೇಕು, ಆದರೆ ಅದು ಚಿತ್ರದಿಂದ ಚಿತ್ರಕ್ಕೆ ಬದಲಾಗುವ ನಾಯ್ಸ್‌ಗೆ ಮಾತ್ರ. ಚೌಕಗಳ ಗೆರೆ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ. ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಅನ್ನು ಅಷ್ಟು ಚೆನ್ನಾಗಿ ಹೊಂದಿಸಿದ್ದೇ ಮುಳುವಾಯಿತು, ನಕ್ಷತ್ರಗಳ ಜೊತೆ ಗೆರೆಗಳೂ ಒಂದರ ಮೇಲೊಂದು ಕೂತವು! ಸೆನ್ಸರ್‌ನ ದೋಷ ಕಳೆಯಲು ಲೆನ್ಸ್ ಮುಚ್ಚಿ ತೆಗೆಯುವ ಡಾರ್ಕ್ ಫ್ರೇಮ್‌ನ ಲೆಕ್ಕವೂ ಕೆಟ್ಟಿತು.

ಜಾಗ ಬೇಕಿದ್ದರೆ ಮೊದಲು ಸ್ಟ್ಯಾಕಿಂಗ್ ತಂತ್ರಾಂಶ ಹುಟ್ಟಿಸುವ ನಡುವಿನ ಕಡತಗಳನ್ನು ಅಳಿಸಿ. ಅವು ರಾ ಕಡತಗಳಿಗಿಂತ ಬಹಳ ದೊಡ್ಡವು, ಬೇಕೆಂದಾಗ ಮತ್ತೆ ಮಾಡಿಕೊಳ್ಳಬಹುದು. ಜಿಪ್‌ನಿಂದ ಹಾನಿಯಿಲ್ಲ, ಆಗಲೇ ಅಮುಕಿದ ರಾ ಕಡತಕ್ಕೆ ಹೆಚ್ಚು ಲಾಭವೂ ಇಲ್ಲ. 16 ಜಿಬಿ ಪೆನ್ ಡ್ರೈವ್ ಒಂದಿದ್ದಿದ್ದರೆ ನನ್ನ ಆ ರಾತ್ರಿಯೆಲ್ಲ ಅದರಲ್ಲಿ ಹಿಡಿಯುತ್ತಿತ್ತು.

ಕ್ಯಾಮೆರಾದ ಮೆನುವನ್ನೂ ಒಮ್ಮೆ ನೋಡಿ. ರಾ ಆಯ್ಕೆಯಲ್ಲಿ 'ಲಾಸ್‌ಲೆಸ್ ಕಂಪ್ರೆಸ್ಡ್' (ಏನನ್ನೂ ಕಳೆಯದೆ ಅಮುಕಿದ್ದು) ಎಂದಿದ್ದರೆ ನಿಶ್ಚಿಂತೆ. ಬರೀ 'ಕಂಪ್ರೆಸ್ಡ್' ಎಂದಿದ್ದರೆ ಹೊಲಕ್ಕೆ ಹೊರಡುವ ಮುನ್ನವೇ ಬದಲಿಸಿಕೊಳ್ಳಿ.