ಪೆನ್ನು, ಬಸ್ಸು, ಮೆಟ್ಟುಗತ್ತಿ: ಹೊಸ ಆಲ್ಬಂ ಹೇಗೆ ಕೇಳಬೇಕು?

ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಬರೆದ ಒಂದು ವಿಮರ್ಶೆಯನ್ನು ಆಮೇಲೆ ನಾನೇ ತೆಗೆದುಹಾಕಿದೆ. ಗಜಲ್ ಆಲ್ಬಂ ಅದು. "ತಬಲಾದಲ್ಲಿ ಡಗ್ಗಾ ಕೇಳುವುದೇ ಇಲ್ಲ, ರೆಕಾರ್ಡಿಂಗ್ ತೆಳ್ಳಗಿದೆ" ಅಂತ ಬರೆದಿದ್ದೆ. ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ದಪ್ಪ ದನಿಯದು. ರಾತ್ರಿ ಮನೆಗೆ ಬಂದು ಹೆಡ್‌ಫೋನ್ ಹಾಕಿದರೆ ಡಗ್ಗಾ ತುಂಬಿಕೊಂಡು ಕೇಳುತ್ತಿದೆ! ದೇವಿಮನೆ ಘಟ್ಟ ಇಳಿಯುವಾಗ ಡ್ರೈವರ್ ಗೇರ್ ಇಳಿಸಿದ ಹಾಗೆಲ್ಲ ಇಂಜಿನ್ ಗುಂಯ್‌ಗುಡುವುದು ಜಾಸ್ತಿಯಾಗುತ್ತದೆ, ಆ ಸದ್ದೂ ಡಗ್ಗಾದ ದನಿಯೂ ಎರಡೂ ಮಂದ್ರದಲ್ಲೇ, ಅಂದರೆ ತಗ್ಗಿನ ಸ್ವರದಲ್ಲೇ, ಇರುವುದರಿಂದ ಇಂಜಿನ್ ತಬಲಾವನ್ನು ನುಂಗಿಬಿಟ್ಟಿತ್ತು. ತಬಲಾ ನುಡಿಸಿದವರಿಗೂ ರೆಕಾರ್ಡ್ ಮಾಡಿದವರಿಗೂ ನಾನು ಅನ್ಯಾಯ ಮಾಡಿದ್ದೆ. ತುಂಬಾ ಬೇಜಾರಾಯಿತು.

ಆಮೇಲೆ ಒಂದು ವರ್ಷ ಪೂರ್ತಿ ಮೂರು ಬಗೆಯಲ್ಲಿ ಕೇಳಿ ನೋಡಿದೆ. ಒಂದೇ ಆಲ್ಬಂ ಇಟ್ಟುಕೊಂಡು ಮೂರನ್ನೂ ಹೋಲಿಸಲು ಆಗುವುದಿಲ್ಲ, ಮೊದಲ ಸಲ ಅನ್ನುವುದು ಒಂದೇ ಸಲ ಸಿಗುವುದು ಅಲ್ವಾ? ಹಾಗಾಗಿ ಒಂದೊಂದು ಬಗೆಗೆ ಆರಾರು ಆಲ್ಬಂ. ವಿಮರ್ಶೆ ಬರೆದು ಮೂರು ತಿಂಗಳು ಬಿಟ್ಟು ಮತ್ತೆ ಕೇಳುವುದು. ಬರೆದದ್ದರಲ್ಲಿ ಯಾವ ಮಾತು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತೋ ಅದರ ಕೆಳಗೆ ಕೆಂಪು ಗೆರೆ.

ಮೊದಲು ಪೆನ್ನು. ಊಟ ಆದ ಮೇಲೆ ಕೋಣೆ ಬಾಗಿಲು ಹಾಕಿ, ವಯರ್ ಇರುವ ಹೆಡ್‌ಫೋನ್ ಹಾಕಿಕೊಂಡು, ನೋಟ್‌ಬುಕ್ ತೊಡೆ ಮೇಲಿಟ್ಟು ಕೇಳುವುದು. ಇದರಲ್ಲಿ ವಿವರ ತಪ್ಪುವುದಿಲ್ಲ. ಮೂರನೇ ಹಾಡಿನಲ್ಲಿ ಕೊಳಲು ಎಲ್ಲಿ ಬಂತು, ರಾಗಕ್ಕೋಸ್ಕರ ಯಾವ ಅಕ್ಷರ ಎಳೆದು ಅರ್ಥ ಕೆಟ್ಟಿತು, ಎಲ್ಲ ಸಿಗುತ್ತದೆ. ಆದರೆ ಬರೆಯುವಾಗ ಕಿವಿ ಮುಚ್ಚಿಕೊಳ್ಳುತ್ತದೆ. ಒಂದು ಹಿಂದೂಸ್ತಾನಿ ಆಲ್ಬಂ, ಅರ್ಧ ಗಂಟೆಗೂ ಉದ್ದದ ಖಯಾಲ್. ನಿಧಾನಗತಿಯ ವಿಲಂಬಿತದಲ್ಲಿ ಆರನೇ ನಿಮಿಷಕ್ಕೇ "ಎಳೆದಾಟ ಜಾಸ್ತಿ" ಅಂತ ಬರೆದೆ. ಬರೆದ ಮೇಲೆ ಆ ಮಾತಿಗೆ ಅಂಟಿಕೊಂಡೆ, ಮುಂದೆ ಬಂದದ್ದನ್ನೆಲ್ಲ ಅದಕ್ಕೆ ಸಾಕ್ಷಿ ಅನ್ನುವ ಹಾಗೇ ಕೇಳಿದೆ. ಮೂರು ತಿಂಗಳ ಮೇಲೆ ಸುಮ್ನೆ ಕೂತು ಕೇಳಿದಾಗ ಗೊತ್ತಾಯಿತು. ಅಂತರಾದಲ್ಲಿ (ಹಾಡಿನ ಎರಡನೇ ಭಾಗ) ತಾರ ಷಡ್ಜ, ಅಂದರೆ ಮೇಲಿನ 'ಸ', ಮುಟ್ಟುವ ಆ ಒಂದು ಗಳಿಗೆಗಾಗಿ ಗಾಯಕರು ಅಷ್ಟು ಹೊತ್ತು ಮಂದ್ರದಲ್ಲಿ, ಮಧ್ಯದಲ್ಲಿ ಕಾದಿದ್ದರು. ಮೊದಲ ಸಲ ಅವರು ಅಲ್ಲಿ ತಲುಪಿದಾಗ ನಾನು ನೋಟ್‌ಬುಕ್‌ನ ಹಾಳೆ ಮಗುಚುತ್ತಿದ್ದೆನೋ ಏನೋ. ಪೆನ್ನಿನ ಆರು ವಿಮರ್ಶೆಗಳಲ್ಲಿ ವಿವರಕ್ಕೆ ಎಲ್ಲೂ ಕೆಂಪು ಗೆರೆ ಬೀಳಲಿಲ್ಲ. ತೀರ್ಪಿಗೆ ನಾಲ್ಕರಲ್ಲಿ ಬಿತ್ತು.

ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸದ್ದಿನ ವಿಷಯ ಹೇಳಿಯಾಯಿತು. ಘಟ್ಟದ ಕಾಡಿನಲ್ಲಿ ನೆಟ್‌ವರ್ಕ್ ಹೋಗಿ ಹಾಡು ಅರ್ಧಕ್ಕೆ ನಿಂತರೆ ಕೇಳಿದ ಸುಖವೂ ಹೋಗುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಬಸ್ಸಿನಲ್ಲಿ ಕೇಳುವುದರಿಂದ ಒಂದೇ ಒಂದು ಉಪಯೋಗ ಕಂಡೆ: ನಾಲ್ಕನೇ, ಐದನೇ ಸಲ ಕೇಳುವಾಗ ಯಾವ ಹಾಡನ್ನು ದಾಟಿಸಲು ಕೈ ತಾನಾಗಿ ಹೋಗುತ್ತದೆ ಅನ್ನುವುದು ಗೊತ್ತಾಗುತ್ತದೆ.

ಮೂರನೆಯದು ನಾನು ಬೇಕೆಂದು ಮಾಡಿದ್ದಲ್ಲ, ತಾನಾಗಿ ಒದಗಿದ್ದು. ಅಡಿಕೆ ಕೊನೆಗಳನ್ನು ಕೊಯ್ಯುವ ಕೊನೆಕೊಯ್ಲಿನ ಸಮಯದಲ್ಲಿ ದೊಡ್ಡಪ್ಪನ ಮನೆಗೆ ರಾತ್ರಿ ಅಡಿಕೆ ಸುಲಿಯಲು ಹೋಗುತ್ತೇನೆ. ಈಗ ಮಷಿನ್ ಬಂದಿದೆ, ಆದರೂ ಅವರ ಮನೆಯಲ್ಲಿ ಸ್ವಲ್ಪವಾದರೂ ಕೈಯಲ್ಲೇ ಸುಲಿಯುತ್ತಾರೆ. ಏಳೆಂಟು ಮಂದಿ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಒಂದು ಹೊಸ ಭಾವಗೀತೆ ಆಲ್ಬಂ ಸಣ್ಣ ಸ್ಪೀಕರಿನಲ್ಲಿ ಹಾಕಿದೆ. ಮೊದಲ ಎರಡು ಹಾಡಿಗೆ ಮಾತು, ನಗು, ಕತ್ತಿಗೆ ಅಡಿಕೆ ತಾಗುವ ಕಟ್ ಕಟ್ ಸದ್ದು, ಎಲ್ಲ ಹಾಗೇ ನಡೆದಿತ್ತು. ನಾಲ್ಕನೇ ಹಾಡಿನ ಕೊನೆಯ ಚರಣಕ್ಕೆ ಬಂದಾಗ ಸದ್ದು ಕಡಿಮೆಯಾಯಿತು. ನೋಡಿದರೆ ದೊಡ್ಡಾಯಿ ಕೈಯಲ್ಲಿ ಅರ್ಧ ಸುಲಿದ ಅಡಿಕೆ ಹಿಡಿದು ಸುಮ್ಮನೆ ಕೂತಿದ್ದಾಳೆ. "ಆ ಸಾಲು ಮತ್ತೊಂದ್ಸಲ ಹಾಕು ತಮಾ, ಅಂವ ಉಸ್ರು ತಗಂಡಿದ್ದು ಕೇಳ್ತು ನೋಡು" ಅಂದಳು. ಹಾಕಿದೆ. ಹೌದು, ಕೊನೆಯ ಸಾಲಿಗೆ ಮೊದಲು ಗಾಯಕ ಉಸಿರು ತೆಗೆದುಕೊಳ್ಳುವುದು ಸಣ್ಣದಾಗಿ ಕೇಳುತ್ತದೆ. ಅದನ್ನು ಅಳಿಸದೆ ಬಿಟ್ಟಿದ್ದಾರೆ, ಆ ಸಾಲು ಹಾಡಿದ್ದಲ್ಲ, ಹೇಳಿದ್ದು ಅನ್ನಿಸುವುದು ಅದರಿಂದಲೇ. ನನ್ನ ವಿಮರ್ಶೆ ಅದೊಂದರ ಮೇಲೇ ನಿಂತಿತು. ಇವತ್ತಿಗೂ ಅದರಲ್ಲಿ ಕೆಂಪು ಗೆರೆ ಇಲ್ಲ.

ಕೈಗೆ ಕೆಲಸ ಇದ್ದಾಗ ತೀರ್ಪು ಕೊಡುವ ಆತುರ ಇರುವುದಿಲ್ಲ. ಹಾಡು ತಾನೇ ಬಂದು ಕೈ ಹಿಡಿದು ನಿಲ್ಲಿಸಬೇಕು. ಈ ಬಗೆಯ ಆರರಲ್ಲಿ ಒಂದರ ತೀರ್ಪನ್ನು ಮಾತ್ರ ಬದಲಿಸಬೇಕಾಯಿತು. ವಿವರ ಮಾತ್ರ ಬೇಕಾದಷ್ಟು ತಪ್ಪಿತು, ಒಂದು ಕಡೆ ವಯಲಿನ್ ಇದ್ದದ್ದನ್ನು ಸಾರಂಗಿ ಅಂತ ಬರೆದಿದ್ದೆ. ಹಾಗಾಗಿ ಈಗ ಮೊದಲ ಸಲ ಪೆನ್ನು ಮುಟ್ಟುವುದೇ ಇಲ್ಲ. ಅಡಿಕೆ ಸುಗ್ಗಿ ಇಲ್ಲದಾಗ ಪಾತ್ರೆ ತೊಳೆಯುತ್ತಲೋ ತೆಂಗಿನಕಾಯಿ ಸುಲಿಯುತ್ತಲೋ ಕೇಳುತ್ತೇನೆ. ಎರಡು ದಿನ ಬಿಟ್ಟು ಹೆಡ್‌ಫೋನ್, ಆಗ ಪೆನ್ನು.

ಇನ್ನೊಂದು ಹೋಲಿಕೆ: ಸಾಲಾಗಿ ಕೇಳುವುದೋ ಶಫಲ್ ಮಾಡಿಯೋ? ಇದರಲ್ಲಿ ನನಗೆ ಅನುಮಾನವೇ ಇಲ್ಲ, ಸಾಲಾಗಿ. ಸ್ಪಾಟಿಫೈನಲ್ಲಿ ಆಲ್ಬಂ ಸಾಲಾಗಿ ಹಾಕಿದರೆ ಇಡೀ ಆಲ್ಬಮ್ಮಿನ ದನಿಯನ್ನು ಒಟ್ಟಿಗೆ ಏರಿಳಿಸುತ್ತಾರೆ, ಮೆಲ್ಲನೆಯ ಹಾಡು ಮೆಲ್ಲಗೇ ಉಳಿಯುತ್ತದೆ. ಶಫಲ್ ಮಾಡಿದರೆ ಒಂದೊಂದು ಹಾಡನ್ನೂ ಬೇರೆಬೇರೆಯಾಗಿ ಸಮ ಮಾಡುತ್ತಾರೆ. ಗಾಯಕ ಬೇಕೆಂದೇ ಮೆಲ್ಲಗೆ ಹಾಡಿದ್ದು ಅಲ್ಲಿ ಕಾಣದೇ ಹೋಗಬಹುದು. ಹಳೆಯ ಭಾವಗೀತೆ ಆಲ್ಬಮ್ಮುಗಳಿಗೆ ಇನ್ನೂ ಒಂದು ಮಾತಿದೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗಿನಿಂದ ಆ ಹಾಡುಗಳಲ್ಲಿ ಹೆಚ್ಚಿನವು ಕ್ಯಾಸೆಟ್ಟಿಗೆಂದೇ ಜೋಡಿಸಿದವು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ 30 ನಿಮಿಷ. ಮಗುಚಿ ಹಾಕುವಾಗ ಒಂದು ಬಿಡುವು ಇತ್ತು, ಮೊದಲ ಬದಿಯ ಕೊನೆಯ ಹಾಡು ಆ ಬಿಡುವಿನಲ್ಲಿ ಮನಸ್ಸಿನಲ್ಲೇ ಉಳಿಯುತ್ತಿತ್ತು. ಈಗ ಮೊಬೈಲಿನಲ್ಲಿ ಕೇಳುವಾಗಲೂ ಆ ಜಾಗದಲ್ಲಿ ನಿಲ್ಲಿಸಿ ಚಹಾ ಮಾಡಿಕೊಂಡು ಬರುತ್ತೇನೆ. ಮಾಡಿ ನೋಡಿ, ಎರಡನೇ ಬದಿಯ ಮೊದಲ ಹಾಡು ಬೇರೆಯೇ ಕೇಳುತ್ತದೆ.

ನಮ್ಮ ಕಡೆಯವರಿಗೆ ಮಾತ್ರ ಒಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ಕೋಣೆಯನ್ನೂ ನಂಬಬೇಡಿ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮೊದಲು ಹೋಗುವುದು ತಂಬೂರಿಯ ಝೇಂಕಾರ. ಅದಕ್ಕೆ ವಾಲ್ಯೂಮ್ ಏರಿಸುತ್ತೇವೆ. ಜೋರಾಗಿ ಹಾಕಿದರೆ ಮಂದ್ರ ತುಂಬಿ ಬರುತ್ತದೆ, ಸಾಧಾರಣ ರೆಕಾರ್ಡಿಂಗೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡು ಆಲ್ಬಂ ಹೋಲಿಸುವುದಾದರೆ ಮಳೆ ನಿಂತ ಮೇಲೆ, ಒಂದೇ ವಾಲ್ಯೂಮಿನಲ್ಲಿ ಹೋಲಿಸಿ.

ನಕ್ಷತ್ರ ಕೊಡುವುದನ್ನೂ ಬಿಟ್ಟಿದ್ದೇನೆ. ಮೂರೂವರೆ ಕೊಟ್ಟ ಆಲ್ಬಂ ಮೂರು ತಿಂಗಳಿಗೆ ನಾಲ್ಕಾಗಿ ಕಂಡರೆ ಏನು ಮಾಡುವುದು? ಈಗ ಹಾಡು, ನಿಮಿಷ, ಸೆಕೆಂಡ್ ಬರೆಯುತ್ತೇನೆ, ಅಲ್ಲಿ ಏನು ಕೇಳಿತು ಅಂತ ಬರೆಯುತ್ತೇನೆ. ಓದಿದವರು ನೇರ ಅಲ್ಲಿಗೇ ಹೋಗಿ ಕೇಳಬಹುದು, ನಾನು ವಯಲಿನ್ನನ್ನು ಸಾರಂಗಿ ಅಂದಿದ್ದರೆ ಅಲ್ಲೇ ಹಿಡಿಯಬಹುದು.